ಸುಳ್ಳು ಹೇಳುವ ನಾಯಕ, ತನ್ನ ಸುಳ್ಳನ್ನೇ ನಂಬಿದ ನಾಯಕ: ಯಾರು ಹೆಚ್ಚು ಅಪಾಯಕಾರಿ? (ಅಡ್ಡಹೆಸರಿನಲ್ಲಿ ಬರೆಯುವ ಕೆಲವರ ಚರ್ಚೆ)

ಹೊಸ್ತಿಲು:

1941ರ ಜೂನ್ ತಿಂಗಳ ಎಂಟು ದಿನಗಳು ನನ್ನನ್ನು ಬಹಳ ಕಾಲದಿಂದ ಕಾಡುತ್ತಿವೆ. ಜೂನ್ 14ರಂದು ಸೋವಿಯತ್ ಸರ್ಕಾರದ ಸುದ್ದಿಸಂಸ್ಥೆ ಟಾಸ್ ಒಂದು ಪ್ರಕಟಣೆ ಹೊರಡಿಸಿತು. ಜರ್ಮನಿ, ಪರಸ್ಪರ ದಾಳಿ ಮಾಡುವುದಿಲ್ಲ ಎಂಬ ಒಪ್ಪಂದ ಮುರಿದು ದಾಳಿಗೆ ಸಜ್ಜಾಗುತ್ತಿದೆ ಎಂಬ ವದಂತಿಗೆ ತಲೆಬುಡವಿಲ್ಲ ಎಂಬುದು ಅದರ ಸಾರ. ಜೂನ್ 22ರ ನಸುಕಿನಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಸೈನಿಕರು ಸೋವಿಯತ್ ಗಡಿ ದಾಟಿ ಬಂದರು.

ಸ್ಟಾಲಿನ್‌ಗೆ ಸುದ್ದಿ ಸಿಕ್ಕಿರಲಿಲ್ಲವೇ? ಬೇಕಾದಷ್ಟು ಸಿಕ್ಕಿತ್ತು. ಟೋಕಿಯೊದಲ್ಲಿದ್ದ ರಿಚರ್ಡ್ ಸೋರ್ಗೆ ಎಂಬ ಸೋವಿಯತ್ ಗೂಢಚಾರ ತಿಳಿಸಿದ್ದ. ಚರ್ಚಿಲ್ ಏಪ್ರಿಲ್‌ನಲ್ಲೇ ಎಚ್ಚರಿಕೆ ಕಳುಹಿಸಿದ್ದರು. ದಾಳಿಗೆ ಒಂದು ವಾರವೂ ಉಳಿದಿಲ್ಲದಾಗ ಜರ್ಮನ್ ವಾಯುಪಡೆಯ ಕೇಂದ್ರ ಕಚೇರಿಯ ಒಳಗಿನಿಂದಲೇ ವರದಿ ಬಂತು: ಸಿದ್ಧತೆ ಮುಗಿದಿದೆ, ಯಾವ ಗಳಿಗೆಯಲ್ಲಾದರೂ ಹೊಡೆಯಬಹುದು. ಆ ವರದಿಯ ಮೇಲೆ ಸ್ಟಾಲಿನ್ ತಮ್ಮ ಕೈಯಿಂದಲೇ ಷರಾ ಬರೆದರು. ಇವನು ಸುದ್ದಿಯ ಮೂಲವಲ್ಲ, ತಪ್ಪು ಸುದ್ದಿ ಹರಡುವವನು ಎಂದು ಬರೆದು ಜೊತೆಗೆ ಇಲ್ಲಿ ಬರೆಯಲಾಗದ ಬೈಗುಳವನ್ನೂ ಸೇರಿಸಿದರು.

ಸುಳ್ಳುಗಾರನಿಗೆ ನಿಜ ಎಲ್ಲಿದೆ ಎಂಬುದು ಗೊತ್ತಿರುತ್ತದೆ. ಮುಚ್ಚಿಡುವುದಕ್ಕಾದರೂ ಅದರ ಮೇಲೆ ಒಂದು ಕಣ್ಣಿಟ್ಟಿರುತ್ತಾನೆ. ಕಾಲ ಕೆಟ್ಟಾಗ ಅಲ್ಲಿಗೆ ಮರಳಬಲ್ಲ. ತನಗೆ ತಾನೇ ಸುಳ್ಳು ಹೇಳಿಕೊಂಡವನಿಗೆ ಮರಳುವ ದಾರಿಯೇ ಅಳಿಸಿಹೋಗಿರುತ್ತದೆ. ಅವನ ದನಿಯಲ್ಲಿ ನಡುಕವಿರುವುದಿಲ್ಲ, ಕಣ್ಣು ತಪ್ಪಿಸುವುದಿಲ್ಲ. ಹಾಗಾಗಿ ನಾವೂ ಅವನನ್ನು ನಂಬುತ್ತೇವೆ. ಎರಡನೆಯವನೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ನಿಮ್ಮದೇನು?

ನೇರನುಡಿ:

ಒಪ್ಪಲಾರೆ. ‘ಆತ್ಮವಂಚನೆ’ ಎಂಬ ಪದ ನಾಯಕರಿಗೆ ನಾವೇ ಕೊಡುವ ಜಾಮೀನು ಆಗಿಬಿಡುತ್ತದೆ. ಪಾಪ, ಅವರೂ ನಂಬಿದ್ದರು ಎಂದುಬಿಟ್ಟರೆ ಮುಂದೆ ಕೇಳುವುದಕ್ಕೆ ಏನು ಉಳಿಯುತ್ತದೆ?

1964ರ ಆಗಸ್ಟ್ 4ರ ಟಾಂಕಿನ್ ಕೊಲ್ಲಿಯನ್ನು ನೋಡಿ. ಉತ್ತರ ವಿಯೆಟ್ನಾಂ ದೋಣಿಗಳು ತನ್ನ ಹಡಗುಗಳ ಮೇಲೆ ಎರಡನೆಯ ಬಾರಿ ದಾಳಿ ಮಾಡಿದವು ಎಂದು ಅಮೆರಿಕ ಹೇಳಿತು. ಅಲ್ಲಿದ್ದ ನೌಕಾ ಕಮಾಂಡರ್ ಜಾನ್ ಹೆರಿಕ್ ಅಂದೇ ತಂತಿ ಕಳುಹಿಸಿದ್ದರು: ವರದಿಯಾದ ಬಹುಪಾಲು ಸಂಕೇತಗಳು ಅನುಮಾನಾಸ್ಪದ, ಕೆಟ್ಟ ಹವಾಮಾನವೂ ನೀರೊಳಗಿನ ಸದ್ದು ಹಿಡಿಯುವ ಸೋನಾರ್ ಕೇಳುತ್ತಿದ್ದವನ ಅತ್ಯುತ್ಸಾಹವೂ ಕಾರಣವಿರಬಹುದು, ಪೂರ್ತಿ ಪರಿಶೀಲಿಸದೆ ಮುಂದಿನ ಹೆಜ್ಜೆ ಇಡಬೇಡಿ. ಅಂದು ರಾತ್ರಿಯೇ ಅಧ್ಯಕ್ಷ ಜಾನ್ಸನ್ ದೂರದರ್ಶನದಲ್ಲಿ ಕಾಣಿಸಿಕೊಂಡು ಪ್ರತಿದಾಳಿ ಘೋಷಿಸಿದರು. ಆಗಸ್ಟ್ 7ರಂದು ಯುದ್ಧಕ್ಕೆ ಬಾಗಿಲು ತೆರೆದ ನಿರ್ಣಯ ಅಂಗೀಕಾರವಾಯಿತು. ಕೆಳಮನೆಯಲ್ಲಿ ಒಬ್ಬರೂ ವಿರೋಧಿಸಲಿಲ್ಲ, ಸೆನೆಟ್‌ನಲ್ಲಿ ಇಬ್ಬರೇ ವಿರೋಧಿಸಿದರು. ಅಂದು ಅಂಥ ದಾಳಿಯೇ ನಡೆದಿರಲಿಲ್ಲ ಎಂಬುದು ನಂತರದ ದಾಖಲೆಗಳಿಂದ ಸ್ಪಷ್ಟವಾಗಿದೆ.

ಎಚ್ಚರಿಕೆ ಮೇಜಿನ ಮೇಲೆ ಇದ್ದಾಗ ಇದು ಯಾವ ಆತ್ಮವಂಚನೆ? ಗೊತ್ತಿದ್ದೂ ಮಾಡಿದ್ದು. ಆಗ ಅಮೆರಿಕ ಸರ್ಕಾರದಲ್ಲಿದ್ದ ಡೇನಿಯಲ್ ಎಲ್ಸ್‌ಬರ್ಗ್ ಹೇಳಿದ ಪ್ರಸಂಗ ಒಂದಿದೆ. 1966ರಲ್ಲಿ ವಿಯೆಟ್ನಾಂನಿಂದ ಮರಳುವ ವಿಮಾನದಲ್ಲಿ ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರಾ, ಪರಿಸ್ಥಿತಿ ಮೊದಲಿಗಿಂತ ಕೆಟ್ಟಿದೆ ಎಂದು ವಾದಿಸಿದರಂತೆ. ವಿಮಾನ ಇಳಿದ ಮೇಲೆ ಕಾದಿದ್ದ ಪತ್ರಕರ್ತರ ಮುಂದೆ ನಿಂತು, ಎಲ್ಲ ದಿಕ್ಕಿನಲ್ಲೂ ಪ್ರಗತಿಯಾಗಿದೆ ಎಂದರಂತೆ. ಎರಡು ಮಾತಿನ ನಡುವೆ ಇದ್ದದ್ದು ವಿಮಾನದ ಮೆಟ್ಟಿಲು ಮಾತ್ರ. ಇಂಥವರನ್ನು ಮರುಳಾದವರು ಎನ್ನಬೇಡಿ.

ಹೊಸ್ತಿಲು:

ನೇರನುಡಿಯವರೇ, ಮೆಕ್‌ನಮಾರಾ ವಿಷಯದಲ್ಲಿ ನಿಮ್ಮ ಮಾತು ಸರಿ. ಆದರೆ ಅದೇ ಯುದ್ಧದ ಸೇನಾಧಿಪತಿ ವೆಸ್ಟ್‌ಮೋರ್‌ಲೆಂಡ್ ಅವರನ್ನೂ ನೋಡಿ. 1967ರ ನವೆಂಬರ್‌ನಲ್ಲಿ ಅವರು, ಯುದ್ಧದ ಕೊನೆ ಕಣ್ಣಿಗೆ ಕಾಣತೊಡಗಿದೆ ಎಂದರು. ಎರಡೇ ತಿಂಗಳ ಮೇಲೆ, 1968ರ ಜನವರಿ ಕೊನೆಯಲ್ಲಿ, ದೇಶದ ಉದ್ದಗಲಕ್ಕೂ ಏಕಕಾಲದಲ್ಲಿ ಎದುರಾಳಿಗಳ ‘ಟೆಟ್ ದಾಳಿ’ ನಡೆಯಿತು. ಅವರು ಸುಳ್ಳು ಹೇಳುತ್ತಿದ್ದರೇ? ನನಗೆ ಹಾಗೆ ಅನಿಸುವುದಿಲ್ಲ. ಸತ್ತ ಶತ್ರುಗಳ ಲೆಕ್ಕವನ್ನೇ ಗೆಲುವಿನ ಅಳತೆಗೋಲು ಮಾಡಿಕೊಂಡಿದ್ದರು. ಲೆಕ್ಕ ಹೆಚ್ಚಾದರೆ ಬಡ್ತಿ, ಕಡಿಮೆಯಾದರೆ ಪ್ರಶ್ನೆ. ಕೆಳಗಿನವರು ಲೆಕ್ಕ ಹೆಚ್ಚಿಸಿದರು, ಮೇಲಿನವರು ಕೂಡಿಸಿ ನೋಡಿ ಸಂತೋಷಪಟ್ಟರು. ಒಂದೇ ಸರ್ಕಾರದೊಳಗೆ ಸುಳ್ಳು ಹೇಳುವವರೂ ಸುಳ್ಳನ್ನು ನಂಬಿದವರೂ ಅಕ್ಕಪಕ್ಕದಲ್ಲೇ ಕುಳಿತಿದ್ದರು.

ಹಳೆಯ ಗುಮಾಸ್ತ:

ನಾನು ಸಾಮಾನ್ಯವಾಗಿ ಓದಿ ಸುಮ್ಮನಿರುವವನು. ಇವತ್ತು ಬರೆಯಬೇಕು ಅನ್ನಿಸಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಮಾಡಿದ್ದೇನೆ. ಬಹುಪಾಲು ವರ್ಷ ನನ್ನ ಕೆಲಸ ಒಂದೇ: ಕೆಳಗಿನಿಂದ ಬಂದ ಪ್ರಗತಿ ವರದಿಗಳನ್ನು ಕ್ರೋಡೀಕರಿಸಿ ಮೇಲಕ್ಕೆ ಕಳುಹಿಸುವುದು.

ಒಂದು ನೀರಿನ ಯೋಜನೆ. ಸ್ಥಳಕ್ಕೆ ಹೋಗಿ ಬಂದ ಕಿರಿಯ ಎಂಜಿನಿಯರ್ ಬರೆದದ್ದು: ‘ಕೊಳವೆ ಹಾಕಿದೆ. ಪಂಪು ಬಂದಿಲ್ಲ. ನೀರು ಹರಿದಿಲ್ಲ.’ ಅವರ ಮೇಲಿನವರು ಅದನ್ನು ‘ಕೊಳವೆ ಅಳವಡಿಕೆ ಪೂರ್ಣ, ಪಂಪು ನಿರೀಕ್ಷಿಸಲಾಗಿದೆ’ ಎಂದರು. ನನ್ನ ಬಳಿ ಬಂದ ನಮೂನೆಯಲ್ಲಿ ‘ಪೂರ್ಣ’, ‘ಅಪೂರ್ಣ’ ಎಂಬ ಎರಡೇ ಅಂಕಣಗಳಿದ್ದವು. ಪಂಪು ನಿರೀಕ್ಷಿಸಲಾಗಿದೆ ಎಂದು ಬರೆಯಲು ಜಾಗವಿರಲಿಲ್ಲ. ನಾನು ‘ಪೂರ್ಣ’ ಎಂಬಲ್ಲಿ ಗುರುತು ಹಾಕಿದೆ. ಮೇಲಿನ ಕಚೇರಿ ಅದನ್ನು ‘ನೀರು ಪೂರೈಕೆಯಾದ ಗ್ರಾಮಗಳು’ ಎಂಬ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಒಬ್ಬರೂ ಸುಳ್ಳು ಹೇಳಬೇಕು ಎಂದು ಕುಳಿತವರಲ್ಲ. ಪ್ರತಿಯೊಬ್ಬರೂ ಒಂದೊಂದು ಪದ ಕೈಬಿಟ್ಟೆವು, ಅಷ್ಟೇ.

ಸಚಿವರು ಆ ಪಟ್ಟಿಯನ್ನು ಸಭೆಯಲ್ಲಿ ಓದಿದರು. ಆಮೇಲೆ ಆ ಊರಿನವರು ನೀರು ಬಂದಿಲ್ಲ ಎಂದು ಸಹಿ ಹಾಕಿ ಅರ್ಜಿ ಕಳುಹಿಸಿದರು. ಅರ್ಜಿ ನಮ್ಮ ಕಚೇರಿಗೆ ವಾಪಸು ಬಂದಾಗ ಅದರ ಮೂಲೆಯಲ್ಲಿ ಸಚಿವರ ಷರಾ ಇತ್ತು: ‘ವರದಿಯ ಪ್ರಕಾರ ನೀರು ಬರುತ್ತಿದೆ. ದೂರಿನ ಹಿಂದೆ ಯಾರಿದ್ದಾರೆ ಪರಿಶೀಲಿಸಿ.’ ಸ್ಟಾಲಿನ್ ಷರಾ ಓದಿದಾಗ ನನಗೆ ಆ ಕಾಗದ ನೆನಪಾಯಿತು. ಆ ಸಚಿವರು ಕೆಟ್ಟವರಲ್ಲ. ವರದಿಯನ್ನು ಮನಸಾರೆ ನಂಬಿದ್ದರು. ಊರಿನವರನ್ನು ನಂಬಲಿಲ್ಲ.

ಸಂಜೆಮಲ್ಲಿಗೆ:

ಹಿರಿಯರೇ, ‘ದೂರಿನ ಹಿಂದೆ ಯಾರಿದ್ದಾರೆ’ ಎಂಬ ಆ ಒಂದು ಸಾಲಿನಲ್ಲಿ ಇಡೀ ಚರ್ಚೆ ಅಡಗಿದೆ. ನೀರು ಬಂದಿದೆಯೇ ಎಂದು ಕೇಳಬೇಕಾದ ಕಡೆ, ಹೇಳಿದವರು ಯಾರು ಎಂದು ಕೇಳಿದರು.

ಇತಿಹಾಸದ ವಿದ್ಯಾರ್ಥಿ:

ಗುಮಾಸ್ತರ ಕಚೇರಿಯನ್ನು ಒಂದು ಇಡೀ ದೇಶದಷ್ಟು ದೊಡ್ಡದು ಮಾಡಿದರೆ 1958ರ ಚೀನಾ ಆಗುತ್ತದೆ. ಚೀನಾದ ನಾಯಕ ಮಾವೋ ಉತ್ಪಾದನೆಯನ್ನು ಒಮ್ಮೆಲೇ ಹೆಚ್ಚಿಸಲು ಹೊರಟ ‘ಮಹಾ ಮುನ್ನಡೆ’ಯ ಕಾಲ. ಕಮ್ಯೂನುಗಳೆಂಬ ಸಾಮೂಹಿಕ ಕೃಷಿ ಘಟಕಗಳ ನಡುವೆ ಇಳುವರಿಯ ಪೈಪೋಟಿ ಹತ್ತಿತು. ಹಲವು ಗದ್ದೆಗಳ ಬಲಿತ ಪೈರನ್ನು ಕಿತ್ತು ತಂದು ಒಂದೇ ಗದ್ದೆಯಲ್ಲಿ ಒತ್ತೊತ್ತಾಗಿ ನೆಟ್ಟು, ಅದನ್ನು ದಾಖಲೆ ಬೆಳೆಯ ಗದ್ದೆ ಎಂದು ತೋರಿಸಿದರು. ತೆನೆಗಳ ಮೇಲೆ ಮಕ್ಕಳು ನಿಂತಿರುವ ಚಿತ್ರ ಪತ್ರಿಕೆಯಲ್ಲಿ ಬಂತು. ಆಗಸ್ಟ್‌ನಲ್ಲಿ ಶುಶುಯಿ ಎಂಬಲ್ಲಿಗೆ ಹೋದ ಮಾವೋ, ಇಷ್ಟೊಂದು ಧಾನ್ಯವನ್ನು ಏನು ಮಾಡುತ್ತೀರಿ, ದಿನಕ್ಕೆ ಐದು ಹೊತ್ತು ಉಣ್ಣಬಹುದಲ್ಲ ಎಂದರು. ರೈತನ ಮಗ ಅವರು. ಗದ್ದೆ ಎಷ್ಟು ಕೊಡುತ್ತದೆ ಎಂಬುದು ಗೊತ್ತಿರಲೇಬೇಕಾದ ಮನುಷ್ಯ. ನನ್ನನ್ನು ಬೆಚ್ಚಿಬೀಳಿಸುವುದು ಅದೇ.

ಆ ವರ್ಷ 37.5 ಕೋಟಿ ಟನ್ ಧಾನ್ಯ ಬೆಳೆದಿದೆ ಎಂದು ಘೋಷಿಸಿದರು. ನಿಜವಾಗಿ ಬೆಳೆದದ್ದು ಸುಮಾರು 20 ಕೋಟಿ ಟನ್. ಕಾಗದದ ಮೇಲಿನ ಬೆಳೆಗೆ ತಕ್ಕಂತೆ ಸರ್ಕಾರ ತನ್ನ ಪಾಲನ್ನು ವಸೂಲು ಮಾಡಿತು. ಇಲ್ಲದ ಧಾನ್ಯದ ಪಾಲು ಕೊಡಬೇಕೆಂದರೆ ಇದ್ದ ಧಾನ್ಯವೆಲ್ಲ ಹೋಗಬೇಕು. ಹೋಯಿತು. ಸಾಲದ್ದಕ್ಕೆ ಹೊರದೇಶಗಳಿಗೆ ಧಾನ್ಯ ಕಳುಹಿಸುವುದೂ ನಿಲ್ಲಲಿಲ್ಲ.

1959ರ ಜುಲೈ 14ರಂದು, ಲುಶಾನ್ ಬೆಟ್ಟದ ಮೇಲೆ ಪಕ್ಷದ ಸಭೆ ನಡೆಯುತ್ತಿದ್ದಾಗ, ರಕ್ಷಣಾ ಸಚಿವ ಪೆಂಗ್ ದೆಹುವಾಯ್ ಮಾವೋಗೆ ಒಂದು ಖಾಸಗಿ ಪತ್ರ ಬರೆದರು. ಸಾಧನೆಗಳನ್ನು ಹೊಗಳಿಯೇ ಆರಂಭಿಸಿ, ಅಂಕಿ ಉಬ್ಬಿಸುವ ಚಾಳಿಯನ್ನು ಮೆತ್ತಗೆ ಪ್ರಸ್ತಾಪಿಸಿದ್ದರು. ಮಾವೋ ಆ ಪತ್ರವನ್ನು ಅಚ್ಚು ಹಾಕಿಸಿ ಸಭೆಗೆ ಹಂಚಿ ಪೆಂಗ್ ಅವರನ್ನು ಪಕ್ಷದ್ರೋಹಿ ಎಂದರು. ಪೆಂಗ್ ಹುದ್ದೆ ಕಳೆದುಕೊಂಡರು. ಆಮೇಲೆ ಯಾರು ಬಾಯಿ ತೆರೆಯುತ್ತಾರೆ? ತಿದ್ದಿಕೊಳ್ಳಲು ಅವಕಾಶವಿದ್ದ ಗಳಿಗೆಯಲ್ಲೇ ಅದೇ ನೀತಿ ಇನ್ನಷ್ಟು ಬಿಗಿಯಾಯಿತು. ಆ ಬರಗಾಲದಲ್ಲಿ ಸತ್ತವರ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಹೋಗುತ್ತದೆ.

ಮಿಂಚುಹುಳ:

ಎಲ್ಲರ ಬರಹವನ್ನೂ ಗೌರವದಿಂದ ಓದಿದೆ. ಒಂದು ತಕರಾರು ಇದೆ. ಮುಗಿದ ಮೇಲೆ ಹಿಂತಿರುಗಿ ನೋಡಿದರೆ ಎಲ್ಲ ಎಚ್ಚರಿಕೆಗಳೂ ಸ್ಪಷ್ಟವಾಗಿಯೇ ಕಾಣುತ್ತವೆ. ಸ್ಟಾಲಿನ್ ಮುಂದೆ ಬಂದ ವರದಿಗಳಲ್ಲಿ ಮೇ ತಿಂಗಳಿನಲ್ಲೇ ದಾಳಿ ಎಂದವೂ ಇದ್ದವು. ಆ ದಿನಗಳು ಏನೂ ಆಗದೆ ಕಳೆದುಹೋದವು. ಚರ್ಚಿಲ್‌ಗೆ ರಷ್ಯಾವನ್ನು ಯುದ್ಧಕ್ಕೆ ಎಳೆಯುವ ಸ್ವಾರ್ಥ ಇದ್ದೇ ಇತ್ತು. ಟಾಸ್ ಪ್ರಕಟಣೆ ಕೂಡ ಬರ್ಲಿನ್‌ನ ಉತ್ತರ ಏನು ಬರುತ್ತದೆ ಎಂದು ನೋಡಲು ಎಸೆದ ಕಲ್ಲು ಎನ್ನುವ ಇತಿಹಾಸಕಾರರಿದ್ದಾರೆ. ನಾಯಕನೂ ಮಂಜಿನಲ್ಲೇ ನಡೆಯಬೇಕಾಗುತ್ತದೆ. ಅವನು ಎಡವಿದಾಗಲೆಲ್ಲ ಆತ್ಮವಂಚನೆ ಎಂದರೆ ಆ ಪದಕ್ಕೆ ಬೆಲೆ ಇರುವುದಿಲ್ಲ.

ಹೊಸ್ತಿಲು:

ಮಿಂಚುಹುಳ ಅವರೇ, ಒಳ್ಳೆಯ ತಕರಾರು. ಟಾಸ್ ಪ್ರಕಟಣೆಯ ಬಗ್ಗೆ ನೀವು ಹೇಳಿದ್ದು ನಿಜವಿರಬಹುದು. ಆದರೆ ಬರ್ಲಿನ್ ಕಡೆಗೆ ಎಸೆದ ಆ ಕಲ್ಲನ್ನು ಗಡಿಯಲ್ಲಿದ್ದ ಅಧಿಕಾರಿಗಳೂ ಊರಿನ ಜನರೂ ಸರ್ಕಾರದ ಮಾತು ಎಂದೇ ಓದಿದರು. ಅವರಿಗೆ ಬೇರೆ ಪತ್ರಿಕೆ ಇರಲಿಲ್ಲ.

ಎಡವಿದವನಿಗೂ ಕಣ್ಣು ಮುಚ್ಚಿಕೊಂಡವನಿಗೂ ವ್ಯತ್ಯಾಸ ತಿಳಿಯಲು ನನ್ನದೊಂದು ಒರೆಗಲ್ಲು ಇದೆ. ಸುದ್ದಿ ತಪ್ಪಿರಬಹುದು ಎಂದುಕೊಂಡವನು ಇನ್ನೊಮ್ಮೆ ನೋಡಿ ಬಾ ಎನ್ನುತ್ತಾನೆ. ಸುದ್ದಿ ಬೇಡವಾದವನು ಸುದ್ದಿ ತಂದವನನ್ನೇ ಮುಗಿಸುತ್ತಾನೆ. ಸೋವಿಯತ್ ಸೇನಾ ಗೂಢಚರ್ಯೆಯ ಮುಖ್ಯಸ್ಥರಾಗಿದ್ದ ಇವಾನ್ ಪ್ರೊಸ್ಕುರೊವ್ ಅವರನ್ನು 1940ರಲ್ಲಿ ಆ ಹುದ್ದೆಯಿಂದ ಕಿತ್ತುಹಾಕಿದರು, 1941ರ ಅಕ್ಟೋಬರ್‌ನಲ್ಲಿ ಗುಂಡಿಟ್ಟು ಕೊಂದರು. ಅವರ ಜಾಗಕ್ಕೆ ಬಂದವರು ಮೇಲಿನವರಿಗೆ ಹಿತವಾಗುವಂತೆ ವರದಿಗಳಿಗೆ ಷರಾ ಸೇರಿಸುವುದನ್ನು ಕಲಿತರು. ಮಂಜು ಇತ್ತು, ನಿಜ. ಅದರಲ್ಲಿ ಅರ್ಧದಷ್ಟನ್ನು ಅವರೇ ಎಬ್ಬಿಸಿದ್ದರು.

ಅರಿವಿನ ಹಾದಿ:

ಮನೋವಿಜ್ಞಾನ ಓದಿದವಳಾಗಿ ಎರಡು ಮಾತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನನ್ನು ನಾವು ಹಟಮಾರಿ ಎಂದು ಕರೆದು ಸುಮ್ಮನಾಗುತ್ತೇವೆ. ಆದರೆ ಅವನಿಗೆ ನಿಜವಾಗಿಯೂ ಮೂರೇ ಕಾಲು ಕಾಣತೊಡಗಿರುತ್ತವೆ. ಲಿಯಾನ್ ಫೆಸ್ಟಿಂಗರ್ 1957ರಲ್ಲಿ ವಿವರಿಸಿದ್ದು ಇದನ್ನೇ: ಮಾಡಿದ ಕೆಲಸಕ್ಕೂ ಕಂಡ ಸತ್ಯಕ್ಕೂ ಹೊಂದಾಣಿಕೆಯಾಗದಿದ್ದಾಗ ಮನಸ್ಸಿಗೆ ಆಗುವ ಇರಿಸುಮುರಿಸನ್ನು ಕಳೆದುಕೊಳ್ಳಲು ಮನುಷ್ಯ ಕೆಲಸವನ್ನು ತಿದ್ದುವುದಕ್ಕಿಂತ ನಂಬಿಕೆಯನ್ನು ತಿದ್ದಿಕೊಳ್ಳುತ್ತಾನೆ. ಅದು ಸುಲಭ. ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ 1976ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೇರೆಯವರನ್ನು ಚೆನ್ನಾಗಿ ಮೋಸಗೊಳಿಸಬೇಕಾದರೆ ಮೊದಲು ತನ್ನಿಂದಲೇ ಸತ್ಯವನ್ನು ಬಚ್ಚಿಡುವುದು ಅನುಕೂಲ, ಆಗ ಮುಖ ಸುಳ್ಳನ್ನು ಹೊರಹಾಕುವುದಿಲ್ಲ ಎಂಬುದು ಅವರ ತರ್ಕ.

ರಾಜಕೀಯದಲ್ಲಿ ಇದಕ್ಕೆ ನೀರು ಗೊಬ್ಬರ ಎರಡೂ ಸಿಗುತ್ತವೆ. ಸಾವಿರಾರು ಜನ ಸಾಯುವಂಥ ನಿರ್ಧಾರ ತೆಗೆದುಕೊಂಡ ಮೇಲೆ, ಅದು ತಪ್ಪಾಗಿತ್ತು ಎಂದು ಒಪ್ಪಿಕೊಂಡರೆ ತಾನು ಯಾರೆಂದು ಒಪ್ಪಿಕೊಂಡಂತಾಗುತ್ತದೆ? ಆ ಪ್ರಶ್ನೆಯ ಹತ್ತಿರ ಹೋಗಲು ಧೈರ್ಯ ಬೇಕು. ಬಹಳ ಜನರಿಗೆ ಇರುವುದಿಲ್ಲ.

ನೇರನುಡಿ:

ವಿವರಣೆ ಸರಿ. ಆದರೆ ವಿವರಣೆ ಕ್ಷಮೆ ಆಗಬಾರದು. ಇರಾಕ್ ಯುದ್ಧದಲ್ಲಿ ಬ್ರಿಟನ್‌ನ ಪಾತ್ರದ ಬಗ್ಗೆ ಚಿಲ್‌ಕಾಟ್ ಸಮಿತಿಯ ವರದಿ 2016ರ ಜುಲೈ 6ರಂದು ಹೊರಬಂತು. ಯುದ್ಧದ ಕಾಲದ ಪ್ರಧಾನಿ ಟೋನಿ ಬ್ಲೇರ್ ಸುಳ್ಳು ಹೇಳಿದರು ಎಂದು ಅದು ಎಲ್ಲೂ ತೀರ್ಪು ಕೊಡಲಿಲ್ಲ. ಸಾಮೂಹಿಕ ವಿನಾಶದ ಅಸ್ತ್ರಗಳ ಬಗೆಗಿನ ಅಂದಾಜುಗಳನ್ನು, ಸಮರ್ಥಿಸಲಾಗದಷ್ಟು ಖಚಿತತೆಯಿಂದ ಜನರ ಮುಂದಿಟ್ಟರು ಎಂದು ಹೇಳಿತು. ‘ಏನೇ ಆಗಲಿ ನಿಮ್ಮ ಜೊತೆ ಇರುತ್ತೇನೆ’ ಎಂದು ಅವರು ಅಮೆರಿಕದ ಅಧ್ಯಕ್ಷ ಬುಷ್‌ಗೆ ಬರೆದದ್ದು 2002ರ ಜುಲೈ 28ರಂದು. ಯುದ್ಧ ಶುರುವಾದದ್ದು ಮುಂದಿನ ಮಾರ್ಚ್‌ನಲ್ಲಿ. ಮೊದಲು ಮಾತು ಕೊಟ್ಟಾಯಿತು, ಆಮೇಲೆ ಅದಕ್ಕೆ ಹೊಂದುವ ಪುರಾವೆ ಕಣ್ಣಿಗೆ ಬೀಳತೊಡಗಿತು. ಹುಡುಕಿದ ಅಸ್ತ್ರಗಳು ಸಿಗಲೇ ಇಲ್ಲ.

ಬ್ಲೇರ್ ಇಂದಿಗೂ, ನಾನು ಪ್ರಾಮಾಣಿಕವಾಗಿ ನಂಬಿದ್ದೆ ಎನ್ನುತ್ತಾರೆ. ಇರಬಹುದು. ಸೇತುವೆ ಕಟ್ಟಿದವನು, ಕಬ್ಬಿಣ ಗಟ್ಟಿ ಇದೆ ಎಂದು ಪ್ರಾಮಾಣಿಕವಾಗಿ ನಂಬಿದ್ದೆ ಎಂದರೆ ಬಿಟ್ಟುಬಿಡುತ್ತೇವೆಯೇ? ಪರೀಕ್ಷಿಸಿದ್ದೆಯಾ ಎಂದು ಕೇಳುತ್ತೇವೆ. ನಾಯಕನನ್ನು ಮಾತ್ರ ಆ ಪ್ರಶ್ನೆಯಿಂದ ಏಕೆ ಬಿಡಬೇಕು?

ಸಂಜೆಮಲ್ಲಿಗೆ:

ಆ ಪ್ರಶ್ನೆಯನ್ನು ಕೇಳಬೇಕಾದವರು ನಾವು, ಅದೇ ಕಷ್ಟ. 1938ರ ಸೆಪ್ಟೆಂಬರ್‌ನಲ್ಲಿ ಹಿಟ್ಲರ್‌ನನ್ನು ಮೊದಲ ಸಲ ಭೇಟಿಯಾಗಿ ಬಂದ ಬ್ರಿಟನ್ ಪ್ರಧಾನಿ ಚೇಂಬರ್ಲಿನ್ ತಂಗಿಗೆ ಬರೆದ ಪತ್ರದಲ್ಲಿ, ಮಾತು ಕೊಟ್ಟರೆ ನಂಬಬಹುದಾದ ಮನುಷ್ಯ ಎಂದು ಅವನನ್ನು ಬಣ್ಣಿಸಿದರು. ಅದು ಭಾಷಣವಲ್ಲ, ಮನೆಯ ಪತ್ರ. ಯಾರನ್ನೂ ಮೆಚ್ಚಿಸಬೇಕಾಗಿರಲಿಲ್ಲ. ತಿಂಗಳ ಕೊನೆಯಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರ್ ಸಹಿ ಹಾಕಿದ ಶಾಂತಿ ಭರವಸೆಯ ಕಾಗದ ಹಿಡಿದು ಬಂದಾಗ ಲಂಡನ್‌ನ ಬೀದಿಗಳಲ್ಲಿ ಜನ ಕಿಕ್ಕಿರಿದು ಹರ್ಷೋದ್ಗಾರ ಮಾಡಿದರು. 1939ರ ಮಾರ್ಚ್ 15ರಂದು ಜರ್ಮನ್ ಸೇನೆ ಜೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್ ನಗರದೊಳಗಿತ್ತು.

ಬೀದಿಯಲ್ಲಿ ನಿಂತಿದ್ದ ಆ ಜನರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಅವರಲ್ಲಿದ್ದರು. ಇನ್ನೊಂದು ಯುದ್ಧವಿಲ್ಲ ಎಂದು ಯಾರು ಹೇಳಿದರೂ ನಂಬಲು ಅವರು ಸಿದ್ಧರಿದ್ದರು. ನಾಯಕನ ಆತ್ಮವಂಚನೆ ನಮ್ಮ ಆಸೆಯ ಮೇಲೆ ಸವಾರಿ ಮಾಡುತ್ತದೆ. ಅವನಿಗೆ ಬೇಕಾದ ಸುಳ್ಳು ಮತ್ತು ನಮಗೆ ಬೇಕಾದ ಸುಳ್ಳು ಒಂದೇ ಆದಾಗ ನಡುವೆ ನಿಂತು ಬೇಡ ಎನ್ನುವವರು ಎಲ್ಲರಿಗೂ ಅಪಶಕುನದಂತೆ ಕಾಣುತ್ತಾರೆ.

ಹಿಮದ ಹಾದಿ:

ನಮ್ಮದೇ ದೇಶದ 1962 ಇಲ್ಲದೆ ಈ ಚರ್ಚೆ ಪೂರ್ಣವಾಗುವುದಿಲ್ಲ. ಗಡಿಯಲ್ಲಿ ಮುಂದೆ ಮುಂದೆ ಠಾಣೆಗಳನ್ನು ಇಡುತ್ತಾ ಹೋದರೂ ಚೀನಾ ದೊಡ್ಡ ಯುದ್ಧಕ್ಕೆ ಇಳಿಯುವುದಿಲ್ಲ ಎಂಬ ನಂಬಿಕೆ ದೆಹಲಿಯಲ್ಲಿ ಗಟ್ಟಿಯಾಗಿತ್ತು. ನಮ್ಮಲ್ಲಿ ಅಷ್ಟು ಬಲವಿಲ್ಲ ಎಂದು ಆಕ್ಷೇಪಿಸಿದ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್ ಅವರ ಕೈಯಿಂದ ಈಶಾನ್ಯ ಗಡಿಯ ಹೊಣೆಯನ್ನು ತೆಗೆದು, ಹೊಸ ದಳ ರಚಿಸಿ, ಬಿ.ಎಂ. ಕೌಲ್ ಅವರಿಗೆ ಒಪ್ಪಿಸಿದರು. ಅಕ್ಟೋಬರ್ 12ರಂದು ಸಿಲೋನಿಗೆ ಹೊರಟ ನೆಹರೂ, ನಮ್ಮ ನೆಲವನ್ನು ತೆರವುಗೊಳಿಸಲು ಸೇನೆಗೆ ಸೂಚಿಸಲಾಗಿದೆ ಎಂದು ಪತ್ರಕರ್ತರಿಗೆ ಹೇಳಿದರು. ಆ ಹೊತ್ತಿಗೆ ನಾಮ್ಕಾ ಚು ಹೊಳೆಯ ದಂಡೆಯಲ್ಲಿ ನಮ್ಮ ಏಳನೆಯ ಬ್ರಿಗೇಡ್‌ನ ಹುಡುಗರು ಆ ಚಳಿಯಲ್ಲಿ ಹತ್ತಿಯ ಸಮವಸ್ತ್ರದಲ್ಲಿದ್ದರು. ಅಕ್ಟೋಬರ್ 20ರ ಬೆಳಗ್ಗೆ ದಾಳಿ ಬಿತ್ತು. ಬ್ರಿಗೇಡ್ ಚದುರಿಹೋಯಿತು, ಅದರ ಕಮಾಂಡರ್ ಜಾನ್ ದಳವಿ ಸೆರೆಯಾದರು.

ಆದರೆ ಇಲ್ಲಿ ಒಂದು ವಿಷಯವನ್ನು ನಾನು ನೆಹರೂ ಪರವಾಗಿ ಹೇಳಲೇಬೇಕು. ದಾಳಿಯಾದ ಕೆಲವೇ ದಿನಗಳಲ್ಲಿ ಅವರು ಬಹಿರಂಗವಾಗಿಯೇ ಒಪ್ಪಿಕೊಂಡರು: ನಾವು ವಾಸ್ತವದಿಂದ ದೂರ ಸರಿದಿದ್ದೆವು, ನಾವೇ ಸೃಷ್ಟಿಸಿಕೊಂಡ ಕೃತಕ ವಾತಾವರಣದಲ್ಲಿ ಬದುಕುತ್ತಿದ್ದೆವು. ಆತ್ಮವಂಚನೆಗೆ ಇದಕ್ಕಿಂತ ನೇರವಾದ ವಿವರಣೆಯನ್ನು ಯಾವ ನಾಯಕನ ಬಾಯಲ್ಲೂ ನಾನು ಕೇಳಿಲ್ಲ. ಆ ಪ್ರಾಮಾಣಿಕತೆ ಸರ್ಕಾರಗಳಿಗೆ ಮಾತ್ರ ಅಂಟಲಿಲ್ಲ. ಸೋಲಿನ ಕಾರಣ ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿ 1963ರಲ್ಲೇ ಸಿದ್ಧವಾಯಿತು. ಆರು ದಶಕಗಳಲ್ಲಿ ಎಷ್ಟೋ ಪಕ್ಷಗಳು ಅಧಿಕಾರಕ್ಕೆ ಬಂದು ಹೋದರೂ ಯಾರೂ ಅದನ್ನು ಅಧಿಕೃತವಾಗಿ ಪ್ರಕಟಿಸಲಿಲ್ಲ.

ಮಿಂಚುಹುಳ:

ತುರ್ತು ಪರಿಸ್ಥಿತಿಯನ್ನೂ ಸೇರಿಸಿ. 1975ರ ಜೂನ್‌ನಲ್ಲಿ ಪತ್ರಿಕೆಗಳ ಬಾಯಿ ಕಟ್ಟಿದ್ದು ಜನರಿಗೆ ಸುದ್ದಿ ಸಿಗಬಾರದೆಂದು. ಕಟ್ಟಿದವರಿಗೂ ಸುದ್ದಿ ಸಿಗಲಿಲ್ಲ. 1977ರ ಜನವರಿಯಲ್ಲಿ ಚುನಾವಣೆ ಘೋಷಿಸಿದ ಇಂದಿರಾ ಗಾಂಧಿ ಮಾರ್ಚ್‌ನಲ್ಲಿ ತಮ್ಮದೇ ರಾಯ್‌ಬರೇಲಿಯಲ್ಲಿ ಸೋತರು. ಹೊಸ್ತಿಲು ಅವರೇ, ನಿಮ್ಮ ಒರೆಗಲ್ಲನ್ನು ಒಪ್ಪಿದೆ. ಆದರೆ ಇದರಿಂದ ಹೊರಬಂದ ನಾಯಕರೇ ಇಲ್ಲವೇ? ಇದ್ದರೆ ಹೇಗೆ ಬಂದರು?

ಇತಿಹಾಸದ ವಿದ್ಯಾರ್ಥಿ:

ಇದ್ದಾರೆ. 1961ರ ಏಪ್ರಿಲ್‌ನಲ್ಲಿ ಕೆನಡಿ ಸುಮಾರು 1,400 ಕ್ಯೂಬಾ ವಲಸಿಗರನ್ನು ಬೇ ಆಫ್ ಪಿಗ್ಸ್‌ನಲ್ಲಿ ಇಳಿಸಲು ಒಪ್ಪಿಗೆ ಕೊಟ್ಟರು. ಇವರು ಇಳಿದೊಡನೆ ಕ್ಯೂಬಾದ ಜನ ಕ್ಯಾಸ್ಟ್ರೊ ವಿರುದ್ಧ ದಂಗೆ ಏಳುತ್ತಾರೆ, ಏಳದಿದ್ದರೆ ಎಸ್ಕಾಂಬ್ರೆ ಬೆಟ್ಟಗಳಿಗೆ ತಪ್ಪಿಸಿಕೊಳ್ಳಬಹುದು ಎಂಬ ನಂಬಿಕೆ. ಭೂಪಟ ಬಿಡಿಸಿ ನೋಡಿದ್ದರೆ ಆ ಬೆಟ್ಟಗಳು ಎಷ್ಟು ದೂರ, ನಡುವೆ ಎಂಥ ಜೌಗು ಎಂದು ತಿಳಿಯುತ್ತಿತ್ತು. ಸಲಹೆಗಾರ ಆರ್ಥರ್ ಶ್ಲೆಸಿಂಜರ್ ಬರಹದಲ್ಲಿ ವಿರೋಧಿಸಿದರು. ಅಧ್ಯಕ್ಷರ ತಮ್ಮ ರಾಬರ್ಟ್, ಶ್ಲೆಸಿಂಜರ್ ಅವರನ್ನು ಪಕ್ಕಕ್ಕೆ ಕರೆದು, ಅಣ್ಣ ನಿರ್ಧಾರ ಮಾಡಿಯಾಗಿದೆ, ಇನ್ನು ಒತ್ತಬೇಡಿ ಎಂದರು. ಮೂರು ದಿನಗಳಲ್ಲಿ ಎಲ್ಲ ಮುಗಿಯಿತು. ಸಾವಿರಕ್ಕೂ ಹೆಚ್ಚು ಜನ ಸೆರೆಯಾದರು.

1962ರ ಅಕ್ಟೋಬರ್‌ನಲ್ಲಿ ಕ್ಯೂಬಾದಲ್ಲಿಟ್ಟ ಸೋವಿಯತ್ ಕ್ಷಿಪಣಿಗಳ ಬಿಕ್ಕಟ್ಟು ಬಂದಾಗ ಅದೇ ಕೆನಡಿ ಕೆಲವು ಸಭೆಗಳಿಂದ ಬೇಕೆಂದೇ ಹೊರಗುಳಿದರು, ತಾವು ಕುಳಿತಿದ್ದರೆ ಎಲ್ಲರೂ ತಮ್ಮ ಮುಖ ನೋಡಿ ಮಾತನಾಡುತ್ತಾರೆ ಎಂದು. ಮೊದಲ ದಿನ ಬಹುತೇಕರು ವೈಮಾನಿಕ ದಾಳಿ ಎಂದಿದ್ದರು. ವಾದ ನಡೆದೂ ನಡೆದೂ ನೌಕಾ ದಿಗ್ಬಂಧನಕ್ಕೆ ಬಂದು ನಿಂತಿತು. ಮನುಷ್ಯ ಬದಲಾಗಿರಲಿಲ್ಲ, ಕೋಣೆಯೊಳಗಿನ ಏರ್ಪಾಡು ಬದಲಾಗಿತ್ತು. ಒಂದೇ ಬೇಸರವೆಂದರೆ, ಅದನ್ನು ಕಲಿಯಲು ಮೊದಲ ಸೋಲು ಬೇಕಾಯಿತು, ಆ ಸೋಲಿನ ಬೆಲೆಯನ್ನು ಬೇರೆಯವರು ತೆತ್ತರು.

ಹೊಸ್ತಿಲು:

ಏರ್ಪಾಡು ಎಂಬ ಮಾತು ಹಿಡಿಸಿತು. ನಾನು ನಾಯಕನ ಮನಸ್ಸಿನೊಳಗೆ ಇಣುಕುತ್ತಾ ಕುಳಿತಿದ್ದೆ. ನೇರನುಡಿಯವರು ಹೊಣೆಯ ಕಡೆಗೂ ಗುಮಾಸ್ತರು ನಮೂನೆಯ ಕಡೆಗೂ ನನ್ನನ್ನು ತಿರುಗಿಸಿದರು. ಮೂರನೆಯ ಅಂಕಣ ಇಲ್ಲದ ಒಂದು ನಮೂನೆ ಎಷ್ಟು ಕೆಲಸ ಮಾಡಿಬಿಡುತ್ತದೆ! ಗುಮಾಸ್ತರೇ, ಒಂದು ಪ್ರಶ್ನೆ ಕೇಳಲೇ? ಆ ಎಂಜಿನಿಯರ್ ಬರೆದ ಮೊದಲ ಟಿಪ್ಪಣಿ ಏನಾಯಿತು? ಆಮೇಲೆ ಯಾರಾದರೂ ಅದನ್ನು ಹುಡುಕಿದರೇ?

ಹಳೆಯ ಗುಮಾಸ್ತ:

ಹುಡುಕಿದರು. ನಾಲ್ಕೈದು ವರ್ಷಗಳಾದ ಮೇಲೆ ಹೊಸ ಅಧಿಕಾರಿಯೊಬ್ಬರು ಬಂದರು. ಆ ಊರಿಗೆ ತಾವೇ ಹೋಗಿ, ನಲ್ಲಿ ತಿರುಗಿಸಿ ನೋಡಿ ಬಂದಿದ್ದರು. ಹಳೆಯ ಕಡತ ತೆಗೆಯಿರಿ ಎಂದರು. ಇಡೀ ದಿನ ಕಪಾಟು ಜಾಲಾಡಿದೆವು. ಸಿಕ್ಕಿದ್ದೆಲ್ಲ ‘ಪೂರ್ಣ’ ಎಂಬ ವರದಿಗಳೇ, ಅದರ ಮೇಲೆ ಆಧರಿಸಿದ ಇನ್ನಷ್ಟು ವರದಿಗಳೇ. ಕೈಬರಹದ ಆ ಟಿಪ್ಪಣಿ ಇರಲಿಲ್ಲ. ಕ್ರೋಡೀಕರಿಸಿದ ಮೇಲೆ ಬಿಡಿ ಕಾಗದಗಳನ್ನು ಉಳಿಸಿಕೊಳ್ಳುವ ಪದ್ಧತಿ ನಮ್ಮಲ್ಲಿರಲಿಲ್ಲ.

ಆ ಟಿಪ್ಪಣಿಯಲ್ಲಿ ಏನಿತ್ತು ಎಂದು ಅವರು ಕೇಳಿದರು. ನಾನು ಬಾಯಿಮಾತಿನಲ್ಲಿ ಹೇಳಿದೆ. ಬರೆದು ಕೊಡುತ್ತೀರಾ ಎಂದರು. ಎರಡು ದಿನ ಸಮಯ ಕೇಳಿದೆ, ಏಕೆಂದರೆ ‘ಪೂರ್ಣ’ ಎಂದು ಗುರುತು ಹಾಕಿದವನು ನಾನೇ. ಮೂರನೆಯ ದಿನ ಬರೆದು ಕೊಟ್ಟೆ. ಪಂಪು ಬಂದದ್ದು ಅದರ ಮುಂದಿನ ವರ್ಷ.